ದೊಡ್ಡ ಆರ್‌ಸಿ (ರೇಡಿಯೊ ನಿಯಂತ್ರಿತ) ವಿಮಾನಗಳ ರಿಸೀವರ್ ಬ್ಯಾಟರಿ: ಮುಖ್ಯಾಂಶಗಳು

ಯಲಹಂಕ ಮತ್ತು ನಿಯಮ
• ಯಲಹಂಕ ವಾಯುಪಡೆ ನಿಲ್ದಾಣ: ಸ್ಥಾಪನೆ 1963.
• ಸಮೀಪದಲ್ಲಿ ಜಕ್ಕೂರು ವಿಮಾನಕ್ಷೇತ್ರ. ಹೀಗಾಗಿ ಈ ಭಾಗದಲ್ಲಿ ಆರ್‌ಸಿ ಹಾರಾಟಕ್ಕೆ ಮುನ್ನ ವಾಯುಪ್ರದೇಶ ನಿರ್ಬಂಧಗಳ ಪರಿಶೀಲನೆ ಕಡ್ಡಾಯ.
• ಡ್ರೋನ್ ನಿಯಮಗಳು, 2021 (ಆಗಸ್ಟ್ 25): ಮಾದರಿ ವಿಮಾನದ ಒಟ್ಟು ತೂಕದ ಮಿತಿ 25 ಕೆ.ಜಿ.; ಹಾರಾಟ ಕಣ್ಣಳತೆಯೊಳಗೆ; ಟೈಪ್ ಸರ್ಟಿಫಿಕೇಟ್‌ನಿಂದ ವಿನಾಯಿತಿ.

ಸೆಲ್ ಬಗೆಗಳು (ಪ್ರತಿ ಸೆಲ್‌ಗೆ ನಾಮಮಾತ್ರ ವೋಲ್ಟೇಜ್)
• ನಿಕಲ್-ಕ್ಯಾಡ್ಮಿಯಂ: 1.2, ಆವಿಷ್ಕಾರ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್, 1899. 4 ಸೆಲ್ = 4.8; 5 ಸೆಲ್ = 6.0.
• ನಿಕಲ್-ಮೆಟಲ್ ಹೈಡ್ರೈಡ್: 1.2. ಡಿಜಿಟಲ್ ಸರ್ವೋಗಳ ಏಕಕಾಲದ ಎಳೆತದಲ್ಲಿ ವೋಲ್ಟೇಜ್ ಕುಸಿತ, ರಿಸೀವರ್ ರೀಬೂಟ್ ಭೀತಿ. ದೊಡ್ಡ ವಿಮಾನಕ್ಕೆ ಸಲ್ಲದು.
• ಲಿಥಿಯಂ-ಅಯಾನ್: 3.6–3.7, ಮೊದಲ ವಾಣಿಜ್ಯ ಮಾರಾಟ ಸೋನಿ, 1991. 2 ಸೆಲ್, ಪೂರ್ಣ ಚಾರ್ಜ್ 8.4. ಹೈ-ವೋಲ್ಟೇಜ್ ಸರ್ವೋ ಇಲ್ಲದಿದ್ದರೆ ರೆಗ್ಯುಲೇಟರ್ ಅಗತ್ಯ.
• ಲಿಥಿಯಂ ಪಾಲಿಮರ್: 3.7; ಮೃದು ಹೊದಿಕೆ, ಅಪಘಾತದಲ್ಲಿ ಚುಚ್ಚಿದರೆ ಬೆಂಕಿಯ ಅಪಾಯ.

ಲಿಥಿಯಂ ಐರನ್ ಫಾಸ್ಫೇಟ್ (ಎಲ್‌ಎಫ್‌ಪಿ): ಅತ್ಯುತ್ತಮ ಆಯ್ಕೆ
• ಮೂಲ ಪ್ರಬಂಧ 1997: ಎ. ಕೆ. ಪಾಧಿ, ಕೆ. ಎಸ್. ನಂಜುಂಡಸ್ವಾಮಿ, ಜಾನ್ ಬಿ. ಗುಡ್‌ಇನಫ್, ಟೆಕ್ಸಾಸ್ ವಿಶ್ವವಿದ್ಯಾಲಯ, ಆಸ್ಟಿನ್.
• ಗುಡ್‌ಇನಫ್: 2019ರ ರಸಾಯನಶಾಸ್ತ್ರ ನೊಬೆಲ್ (ವಿಟಿಂಗ್‌ಹ್ಯಾಂ, ಯೋಶಿನೋ ಜತೆ), 97ನೇ ವಯಸ್ಸಿನಲ್ಲಿ, ನೊಬೆಲ್ ಪಡೆದ ಅತಿ ಹಿರಿಯ.
• ಸುರಕ್ಷತೆಯ ಕಾರಣ: ರಂಜಕ–ಆಮ್ಲಜನಕದ ಗಟ್ಟಿ ಬಂಧ, ಬಿಸಿಯಾದರೂ ಆಮ್ಲಜನಕ ಸುಲಭವಾಗಿ ಬಿಡುಗಡೆಯಾಗದು.
• 2 ಸೆಲ್ = 6.4–6.6, 6 ವೋಲ್ಟ್ ದರ್ಜೆಯ ಹಲವು ಸರ್ವೋಗಳಿಗೆ ರೆಗ್ಯುಲೇಟರ್ ಇಲ್ಲದೆಯೇ ಬಳಕೆ, ತಯಾರಕರ ಗರಿಷ್ಠ ಮಿತಿ ನೋಡಿಯೇ.
• ಚಾರ್ಜ್ ಮಿತಿ: ಸೆಲ್‌ಗೆ 3.6. ಪಾಲಿಮರ್ ಕ್ರಮದಲ್ಲಿ (4.2) ಚಾರ್ಜ್ ನಿಷಿದ್ಧ.
• ಡಿಸ್ಚಾರ್ಜ್ ರೇಖೆ ಬಹುತೇಕ ಸಮತಟ್ಟು, ವೋಲ್ಟ್‌ಮೀಟರ್ ಓದು ನಂಬಲರ್ಹವಲ್ಲ. ಮರುಚಾರ್ಜ್‌ನಲ್ಲಿ ತುಂಬಿದ ಎಂಎಎಚ್ ಲೆಕ್ಕವೇ ಬಳಕೆಯ ಸರಿಯಾದ ಅಳತೆ. ಸಾಮರ್ಥ್ಯದ ಅರ್ಧ ಖರ್ಚಾದಾಗ ವಿಮಾನ ಇಳಿಸತಕ್ಕದ್ದು.

ಜೋಡಣೆ
• ಎರಡು ಪ್ಯಾಕ್, ಎರಡು ಸ್ವಿಚ್, ಎರಡು ಪ್ರತ್ಯೇಕ ವೈರ್ ದಾರಿ. ಒಂದೇ ಸ್ವಿಚ್‌ಗೆ ಎರಡು ಪ್ಯಾಕ್: ಸುರಕ್ಷತೆಯ ಭ್ರಮೆ ಮಾತ್ರ.
• ಸಾಮಾನ್ಯ ಸರ್ವೋ ಪ್ಲಗ್: ನಿರಂತರ ಕರೆಂಟ್ ಕೆಲವೇ ಆಂಪಿಯರ್, ದೊಡ್ಡ ಸರ್ವೋಗಳಿಗೆ ದಪ್ಪ ವೈರ್, ಎಕ್ಸ್‌ಟಿ ಬಗೆಯ ಕನೆಕ್ಟರ್.
• ಪೆಟ್ರೋಲ್ ಎಂಜಿನ್: ಇಗ್ನಿಷನ್ ಬ್ಯಾಟರಿ ಪ್ರತ್ಯೇಕ.
• ಎಲೆಕ್ಟ್ರಾನಿಕ್ ಸ್ವಿಚ್: ಕೆಟ್ಟರೂ ‘ಆನ್’ ಸ್ಥಿತಿಯಲ್ಲೇ ಉಳಿಯುವ ಬಗೆ.
• ಬೆಂಗಳೂರಿನ ಗರಿಷ್ಠ ತಾಪ 39.2 ಡಿಗ್ರಿ (24 ಏಪ್ರಿಲ್ 2016). ಬಿಸಿಲಲ್ಲಿ ನಿಂತ ಕಾರಿನೊಳಗೆ ಪ್ಯಾಕ್ ಬಿಡತಕ್ಕದ್ದಲ್ಲ.

ಸಾಗಣೆ, ವಿಲೇವಾರಿ
• ವಿಮಾನಯಾನ: ಬಿಡಿ ಲಿಥಿಯಂ ಪ್ಯಾಕ್ ಕ್ಯಾಬಿನ್‌ನಲ್ಲಿ ಮಾತ್ರ, 100–160 ವ್ಯಾಟ್-ಅವರ್‌ಗೆ ಏರ್‌ಲೈನ್ ಅನುಮತಿ.
• ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022: 2001ರ ನಿಯಮಗಳ ಬದಲಿಗೆ.