ಗಂಟಿಲ್ಲದ ಕಟ್ಟು

ಕಾವೇರಿ, ಹೇಮಾವತಿ ನದಿಗಳ ನಾಲೆಯ ನೀರು ಹರಿಯುವ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ತಾಲ್ಲೂಕುಗಳಲ್ಲಿ ಬತ್ತವೂ ಕಬ್ಬೂ ಮುಖ್ಯವಾದ ಬೆಳೆಗಳು. ನಾಗಮಂಗಲದ ಕಡೆಗೆ ಸಾಗಿದಂತೆ ರಾಗಿ, ಹುರುಳಿ, ತೆಂಗುಗಳು ಹೆಚ್ಚಾಗಿ ಕಾಣಸಿಗುತ್ತವೆ. ಬೆಳೆ ಯಾವುದಾದರೂ ಆಗಲಿ, ಕೈಯಿಂದ ಕೊಯ್ದ ಮೇಲೆ ಅದನ್ನು ಕಟ್ಟಿಯೇ ಸಾಗಿಸಬೇಕು. ಬತ್ತದ ಸಿವುಡನ್ನು ಬತ್ತದ ಹುಲ್ಲಿನಿಂದಲೇ ಬಿಗಿಯುತ್ತಾರೆ. ಕಬ್ಬಿನ ಹೊರೆಯನ್ನು ಕಬ್ಬಿನ ಸೋಗೆಯಿಂದಲೇ ಸುತ್ತುತ್ತಾರೆ. ಭಾರವಾದ ಹೊರೆಗೆ ತೆಂಗಿನ ನಾರಿನ ಹಗ್ಗವುಂಟು. ಈಗ ಇವುಗಳ ಜೊತೆಗೆ ಪ್ಲಾಸ್ಟಿಕ್ ದಾರವೂ, ಹಲ್ಲುಗಳುಳ್ಳ ಪ್ಲಾಸ್ಟಿಕ್ ಪಟ್ಟಿಯೂ, ಒತ್ತಿದರೆ ಹಿಡಿದುಕೊಂಡು ಸುಲಿದರೆ ಬಿಟ್ಟುಕೊಡುವ ‘ವೆಲ್ಕ್ರೋ’ ಪಟ್ಟಿಯೂ ಬಂದಿವೆ. ಇವುಗಳಲ್ಲಿ ಯಾವುದನ್ನು ಎಲ್ಲಿ ಬಳಸಬೇಕು? ಬೆಲೆಯೊಂದನ್ನೇ ನೋಡಿ ಇದಕ್ಕೆ ಉತ್ತರ ಹೇಳಲಾಗದು. ಕಟ್ಟು ಹೇಗೆ ಹಿಡಿದುಕೊಳ್ಳುತ್ತದೆ, ಎಷ್ಟು ಕಾಲ ಹಿಡಿದಿರಬೇಕು ಎಂಬ ಎರಡು ವಿಷಯಗಳನ್ನು ಮೊದಲು ತಿಳಿಯಬೇಕು.

ಘರ್ಷಣೆಯ ಕಟ್ಟು

ಸಿವುಡು ಕಟ್ಟುವವರ ಕೈಗಳನ್ನು ಗಮನಿಸಿರಿ. ಅವರು ಹುಲ್ಲಿನ ಎರಡು ತುದಿಗಳನ್ನು ಸೇರಿಸಿ ಹೊಸೆದು, ಹೊಸೆದ ಭಾಗವನ್ನು ಕಟ್ಟಿನ ಕೆಳಗೆ ಸಿಕ್ಕಿಸುತ್ತಾರೆ, ಗಂಟು ಹಾಕುವುದಿಲ್ಲ. ಒಳಗೆ ಅಮುಕಲ್ಪಟ್ಟ ಪೈರು ಹೊರಕ್ಕೆ ಹಿಗ್ಗಲು ಯತ್ನಿಸುತ್ತ, ಸಿಕ್ಕಿಸಿದ ತುದಿಯನ್ನು ಒತ್ತಿ ಹಿಡಿಯುತ್ತದೆ. ಹೀಗೆ ಹೊರೆಯೇ ತನ್ನ ಕಟ್ಟನ್ನು ಕಾಯುತ್ತದೆ. ಇಲ್ಲಿ ಕೆಲಸ ಮಾಡುವುದು ಘರ್ಷಣೆ.

ಸುತ್ತು ಹೆಚ್ಚಿದಂತೆ ಘರ್ಷಣೆಯ ಹಿಡಿತವು ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ. ಕಂಬಕ್ಕೆ ಸುತ್ತಿದ ಹಗ್ಗದ ಘರ್ಷಣಾಂಕ 0.3 ಎಂದು ಹಿಡಿದರೆ, ಒಂದು ಸುತ್ತಿನಲ್ಲಿ ನಮ್ಮ ಕೈಬಲಕ್ಕಿಂತ ಸುಮಾರು 6.6 ಪಟ್ಟು, ಎರಡು ಸುತ್ತಿನಲ್ಲಿ 43 ಪಟ್ಟು, ಮೂರು ಸುತ್ತಿನಲ್ಲಿ 285 ಪಟ್ಟು ಎಳೆತವನ್ನು ತಡೆದು ನಿಲ್ಲಿಸಬಹುದು. ಹೋರಿಯ ಹಗ್ಗವನ್ನು ಮರಕ್ಕೆ ಎರಡು ಸುತ್ತು ಸುತ್ತಿ, ತುದಿಯನ್ನು ಬಾಲಕನೊಬ್ಬನು ಹಿಡಿದು ನಿಲ್ಲಬಲ್ಲನು. ಇದರ ರಹಸ್ಯ ಇಷ್ಟೇ.

ಒಮ್ಮೆ ಕಟ್ಟಿದ ಮೇಲೆ ಬಿಚ್ಚಲೇಬಾರದಂತಹ ಕಟ್ಟುಗಳೂ ಉಂಟು. 1780ರ ಪೊಳ್ಳಿಲೂರು ಕಾಳಗದಲ್ಲಿಯೂ, 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿಯೂ ಮೈಸೂರಿನ ಸೈನ್ಯವು ಕಬ್ಬಿಣದ ಕೊಳವೆಯುಳ್ಳ ರಾಕೆಟ್ಟುಗಳನ್ನು ಬಳಸಿತು. ಇಂಗ್ಲೆಂಡಿಗೆ ಕೊಂಡೊಯ್ದು ವೂಲಿಚ್‌ನಲ್ಲಿ ಇರಿಸಿದ ಮಾದರಿಗಳಲ್ಲಿ ಕೊಳವೆಯನ್ನು ಬಿದಿರಿನ ಗಳುವಿಗೂ ಕತ್ತಿಯ ಅಲಗಿಗೂ ತೊಗಲಿನ ಪಟ್ಟಿಗಳಿಂದ ಕಟ್ಟಲಾಗಿದೆ. ಹದ ಮಾಡದ ತೊಗಲಿಗೆ ಒಂದು ಗುಣವಿದೆ: ಹಸಿಯಾಗಿರುವಾಗ ಸುತ್ತಿದರೆ, ಒಣಗುತ್ತ ಕುಗ್ಗಿ ತಾನೇ ಬಿಗಿಯಾಗುತ್ತದೆ. ರಾಕೆಟ್ಟು ಹಾರುವುದು ಒಂದೇ ಸಲ. ಅದರ ಕಟ್ಟು ಸಡಿಲವಾಗದಿದ್ದರೆ ಸಾಕು, ಮತ್ತೆ ಬಿಚ್ಚುವ ಅಗತ್ಯವಿಲ್ಲ.

ಹಾಗಾದರೆ ಬಿಗಿಯಾಗಿ ಹಿಡಿಯಬೇಕು, ಬೇಕೆಂದಾಗ ಬಿಡಬೇಕು, ಮತ್ತೆ ಹಿಡಿಯಬೇಕು ಎಂದರೆ ಏನು ಮಾಡುವುದು?

ಮುಳ್ಳುಕಾಯಿಯೂ ಹಕ್ಕಿಯ ಗರಿಯೂ

ಕೆರೆಯಂಗಳದಲ್ಲಿಯೂ ನಾಲೆಯ ಏರಿಯ ಮೇಲೆಯೂ ಬೆಳೆಯುವ ಮರುಳುಮ್ಮತ್ತಿಯನ್ನು ಹಳ್ಳಿಯ ವಿದ್ಯಾರ್ಥಿಗಳು ಬಲ್ಲರು. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಕ್ಸಾಂಥಿಯಮ್ ಸ್ಟ್ರುಮೇರಿಯಮ್. ಮೊಟ್ಟೆಯಾಕಾರದ ಇದರ ಕಾಯಿಯ ಮೈತುಂಬ ಮುಳ್ಳುಗಳಿದ್ದು, ಪ್ರತಿ ಮುಳ್ಳಿನ ತುದಿಯೂ ಕೊಕ್ಕೆಯಂತೆ ಬಾಗಿರುತ್ತದೆ. ಕುರಿಯ ಉಣ್ಣೆಗೋ ಪಂಚೆಯ ಅಂಚಿಗೋ ತಗುಲಿದರೆ ಕೊಕ್ಕೆಗಳು ನೂಲಿನ ಸುರುಳಿಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಬೀಜವು ಖರ್ಚಿಲ್ಲದೆ ಊರೂರು ತಿರುಗುತ್ತದೆ. ಉತ್ತರಾಣಿಯ ಕಾಯಿಯೂ ಬಟ್ಟೆಗೆ ಹತ್ತುತ್ತದೆ; ಆದರೆ ಅದರಲ್ಲಿರುವುದು ಕೊಕ್ಕೆಯಲ್ಲ, ಚೂಪಾದ ನೇರ ಮುಳ್ಳು. ಒಂದು ಭೂತಕನ್ನಡಿಯಿದ್ದರೆ ಈ ವ್ಯತ್ಯಾಸವನ್ನು ಯಾರಾದರೂ ಕಾಣಬಹುದು.

ಮರುಳುಮ್ಮತ್ತಿಯ ಕೊಕ್ಕೆ ಹಿಡಿಯುವುದನ್ನು ತೋರಿಸುತ್ತದೆ. ಹಿಡಿದು, ಬಿಟ್ಟು, ಮತ್ತೆ ಹಿಡಿಯುವುದನ್ನು ತೋರಿಸುವುದು ಹಕ್ಕಿಯ ಗರಿ. ಶ್ರೀರಂಗಪಟ್ಟಣ ತಾಲ್ಲೂಕಿನ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವೆನಿಸಿತು. ಅಲ್ಲಿ ಕೊಕ್ಕರೆಗಳು ಗಂಟೆಗಟ್ಟಲೆ ಕೊಕ್ಕಿನಿಂದ ಗರಿ ತೀಡುತ್ತಿರುವುದನ್ನು ನೋಡಬಹುದು. ಗರಿಯ ಎಳೆಗಳ ಅಂಚಿನಲ್ಲಿ ಅತಿ ಸೂಕ್ಷ್ಮವಾದ ಕೊಕ್ಕೆಗಳಿದ್ದು, ಅವು ಪಕ್ಕದ ಎಳೆಯನ್ನು ಹಿಡಿದಿರುತ್ತವೆ. ಗಾಳಿಗೆ ಎಳೆಗಳು ಬೇರ್ಪಟ್ಟರೆ, ತೀಡಿದೊಡನೆ ಕೊಕ್ಕೆಗಳು ಮತ್ತೆ ಕೂಡುತ್ತವೆ. ಹಿತ್ತಲಿನಲ್ಲಿ ಬಿದ್ದ ಕೋಳಿಯ ಗರಿಯೊಂದನ್ನು ಬೆರಳಿನಿಂದ ಸೀಳಿ, ಬುಡದಿಂದ ತುದಿಯ ಕಡೆಗೆ ಮೆಲ್ಲನೆ ಸವರಿ ನೋಡಿರಿ; ಸೀಳು ಮಾಯವಾಗುತ್ತದೆ.

ಪಟ್ಟಿಯ ಹುಟ್ಟು

ಮರುಳುಮ್ಮತ್ತಿಯಂತೆಯೇ ಕೊಕ್ಕೆಮುಳ್ಳುಳ್ಳ ಬರ್ಡಾಕ್ ಎಂಬ ಗಿಡ ಯೂರೋಪಿನಲ್ಲಿದೆ. ಸ್ವಿಟ್ಸರ್ಲೆಂಡಿನ ಎಂಜಿನಿಯರ್ ಜಾರ್ಜ್ ಡ ಮೆಸ್ಟ್ರಾಲ್ 1941ರಲ್ಲಿ ಆಲ್ಪ್ಸ್ ಪರ್ವತ ಪ್ರದೇಶದಲ್ಲಿ ತಿರುಗಾಡಿ ಬಂದಾಗ, ತನ್ನ ಉಡುಪಿಗೂ ನಾಯಿಯ ಮೈಗೂ ಹತ್ತಿದ ಅದರ ಕಾಯಿಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದನು. ಒಂದು ಬಟ್ಟೆಯಲ್ಲಿ ಕೊಕ್ಕೆಗಳನ್ನೂ ಮತ್ತೊಂದರಲ್ಲಿ ಕುಣಿಕೆಗಳನ್ನೂ ನೆಯ್ದರೆ ಅವೆರಡೂ ಕೂಡಬೇಕಲ್ಲವೆ? ಆಲೋಚನೆ ಸುಲಭ, ಕೆಲಸ ಕಠಿಣ. ಹತ್ತಿಯಿಂದ ಮಾಡಿದ ಕೊಕ್ಕೆಗಳು ಬೇಗ ಸವೆದುವು. ನೈಲಾನ್ ನೂಲನ್ನು ಕುಣಿಕೆಗಳಾಗಿ ನೆಯ್ದು ಶಾಖ ಕೊಟ್ಟಾಗ ಆ ಆಕಾರವು ಸ್ಥಿರವಾಯಿತು. ಕುಣಿಕೆಯ ಒಂದು ಪಕ್ಕವನ್ನು ಕತ್ತರಿಸಿದಾಗ ಅದೇ ಕೊಕ್ಕೆಯಾಯಿತು. ಎಳೆದಾಗ ಈ ಕೊಕ್ಕೆ ನೆಟ್ಟಗಾಗಿ ಕುಣಿಕೆಯನ್ನು ಬಿಟ್ಟು, ತನ್ನ ಸ್ಥಿತಿಸ್ಥಾಪಕ ಗುಣದಿಂದ ಮತ್ತೆ ಬಾಗುತ್ತದೆ. ಅಮೆರಿಕದ ಪೇಟೆಂಟು ದೊರೆತುದು 1955ರಲ್ಲಿ. ಮಖಮಲ್ಲಿಗೆ ಫ್ರೆಂಚಿನಲ್ಲಿ ‘ವೆಲೂರ್’, ಕೊಕ್ಕೆಗೆ ‘ಕ್ರೋಶೆ’. ಇವೆರಡರ ಮೊದಲ ಭಾಗಗಳು ಸೇರಿ ‘ವೆಲ್ಕ್ರೋ’ ಆಯಿತು.

ಹೊರೆ ಕಟ್ಟುವ ಪಟ್ಟಿಯಲ್ಲಿ ಒಂದು ಮುಖದಲ್ಲಿ ಕೊಕ್ಕೆ, ಇನ್ನೊಂದು ಮುಖದಲ್ಲಿ ಕುಣಿಕೆ ಇರುತ್ತದೆ. ಆದುದರಿಂದ ಪಟ್ಟಿಯು ಹೊರೆಯನ್ನು ಸುತ್ತಿ ಬಂದು ತನ್ನ ಬೆನ್ನನ್ನು ತಾನೇ ಹಿಡಿದುಕೊಳ್ಳುತ್ತದೆ.

ಜಾರೆಳೆತ ಮತ್ತು ಸುಲಿಯೆಳೆತ

ಇಪ್ಪತ್ತು ಕಿಲೋಗ್ರಾಂ ಭಾರವನ್ನು ತಡೆಯುವ ಪಟ್ಟಿಯನ್ನು ಮಗುವೊಂದು ಎರಡು ಬೆರಳಿನಿಂದ ಬಿಚ್ಚಬಲ್ಲದು. ಇದು ಹೇಗೆ ಸಾಧ್ಯ?

ಪಟ್ಟಿಯ ಉದ್ದಕ್ಕೆ ಎಳೆದರೆ ಒಂದು ಮುಖವು ಇನ್ನೊಂದರ ಮೇಲೆ ಜಾರಲು ಯತ್ನಿಸುತ್ತದೆ. ಇದನ್ನು ಜಾರೆಳೆತವೆಂದು ಕರೆಯೋಣ. ಆಗ ಮೇಲುಬಿದ್ದ ಭಾಗದಲ್ಲಿರುವ ಕೊಕ್ಕೆಗಳೆಲ್ಲವೂ ಒಟ್ಟಿಗೆ ಭಾರ ಹೊರುತ್ತವೆ. ತುದಿಯನ್ನು ಎತ್ತಿ ಬಾಳೆಯ ಸಿಪ್ಪೆಯಂತೆ ಸುಲಿದರೆ, ಎತ್ತಿದ ಅಂಚಿನಲ್ಲಿರುವ ಒಂದು ಸಾಲು ಕೊಕ್ಕೆಗಳು ಮಾತ್ರ ನಮ್ಮ ಬಲವನ್ನು ಎದುರಿಸುತ್ತವೆ. ಅವು ಸೋತ ಮೇಲೆ ಮುಂದಿನ ಸಾಲು. ಆಗ ಕೇಳಿಬರುವ ಪರಪರ ಶಬ್ದವು ಸಾಲುಸಾಲಾಗಿ ಬಿಡುವ ಕೊಕ್ಕೆಗಳ ಶಬ್ದ.

ಲೆಕ್ಕಕ್ಕಾಗಿ ಒಂದು ಚದರ ಸೆಂಟಿಮೀಟರು ಜಾರೆಳೆತದಲ್ಲಿ 8 ನ್ಯೂಟನ್ ತಡೆಯುವುದೆಂದೂ, ಸುಲಿಯಲು ಅಗಲದ ಪ್ರತಿ ಸೆಂಟಿಮೀಟರಿಗೆ 2 ನ್ಯೂಟನ್ ಬೇಕೆಂದೂ ಇಟ್ಟುಕೊಳ್ಳೋಣ. ಪಟ್ಟಿಯ ಅಗಲ 2.5 ಸೆಂಟಿಮೀಟರು, ಮೇಲುಬಿದ್ದ ಉದ್ದ 10 ಸೆಂಟಿಮೀಟರು ಆದರೆ ವಿಸ್ತೀರ್ಣ 25 ಚದರ ಸೆಂಟಿಮೀಟರು. ಜಾರೆಳೆತವನ್ನು ತಡೆಯುವ ಬಲ 200 ನ್ಯೂಟನ್, ಅಂದರೆ ಸುಮಾರು 20 ಕಿಲೋಗ್ರಾಂ ಭಾರ. ಸುಲಿಯಲು ಬೇಕಾದುದು 5 ನ್ಯೂಟನ್, ಅರ್ಧ ಕಿಲೋಗ್ರಾಂ ಭಾರ ಮಾತ್ರ. ಒಂದೇ ಪಟ್ಟಿಯಲ್ಲಿ ನಲವತ್ತು ಪಟ್ಟು ವ್ಯತ್ಯಾಸ! ತುದಿಯಲ್ಲಿ ಬಳೆಯಿದ್ದು, ಪಟ್ಟಿಯನ್ನು ಅದರೊಳಗೆ ತೂರಿಸಿ ಹಿಂದಕ್ಕೆ ಮಡಿಸಿದರೆ ಇನ್ನೂ ಮೇಲು. ಮಡಿಕೆಯ ಎರಡು ಎಳೆಗಳು ಎಳೆತವನ್ನು ಹಂಚಿಕೊಳ್ಳುವುದರಿಂದ ಹಿಡಿತದ ಮೇಲೆ ಬೀಳುವುದು ಸುಮಾರು ಅರ್ಧ ಮಾತ್ರ.

ಒಂದು ಪ್ರಯೋಗ

ಪಟ್ಟಿಯ ಎರಡು ತುಂಡುಗಳನ್ನು 2 ಸೆಂಟಿಮೀಟರು ಮೇಲುಬೀಳುವಂತೆ ಒತ್ತಿರಿ. ಮೇಲಿನದನ್ನು ಗಟ್ಟಿಯಾದ ಮೊಳೆಗೆ ತಗುಲಿಸಿ, ಕೆಳಗಿನದಕ್ಕೆ ಬಕೆಟ್ಟನ್ನು ನೆಲಕ್ಕೆ ಒಂದು ಗೇಣಿಗಿಂತ ಎತ್ತರವಿಲ್ಲದಂತೆ ತೂಗುಹಾಕಿರಿ. ಲೀಟರು ಲೀಟರಾಗಿ ನೀರು ಸುರಿಯಿರಿ. ಒಂದು ಲೀಟರು ನೀರು ಒಂದು ಕಿಲೋಗ್ರಾಂ. ಬಿಟ್ಟುಹೋದಾಗಿನ ಒಟ್ಟು ಭಾರವನ್ನು ಬರೆದುಕೊಂಡು, 3 ಮತ್ತು 4 ಸೆಂಟಿಮೀಟರುಗಳಿಗೂ ಪರೀಕ್ಷಿಸಿ ನಕ್ಷೆ ಎಳೆಯಿರಿ. ಅನಂತರ ಪಟ್ಟಿಗೆ ಗದ್ದೆಯ ಕೆಸರನ್ನು ಸವರಿ, ಒಣಗಿಸಿ, ಅದೇ ಪ್ರಯೋಗವನ್ನು ಮಾಡಿರಿ. ಕುಣಿಕೆಗಳಲ್ಲಿ ಮಣ್ಣು ತುಂಬಿದರೆ ಹಿಡಿತ ಎಷ್ಟು ಕುಂದುವುದೆಂಬುದು ಕಣ್ಣಿಗೆ ಕಾಣುತ್ತದೆ. ಬಾಚಣಿಗೆಯಿಂದ ಬಾಚಿ ತೊಳೆದರೆ ಬಹುಭಾಗ ಮರಳಿ ಬರುತ್ತದೆ.

ಯಾವ ಹೊರೆಗೆ ಯಾವ ಕಟ್ಟು?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕಟ್ಟಿನ ಆಯುಸ್ಸು ಹೊರೆಯ ಆಯುಸ್ಸಿಗೆ ಹೊಂದಬೇಕು. ಆಲೆಮನೆಗೆ ಹೋಗುವ ಕಬ್ಬಿನ ಹೊರೆ ಬಾಳುವುದು ಒಂದೆರಡು ದಿನ. ಅದಕ್ಕೆ ಸೋಗೆಯ ಕಟ್ಟಿಗಿಂತ ಉತ್ತಮವಾದುದಿಲ್ಲ: ಬಿಚ್ಚಿದ ಮೇಲೆ ದನ ತಿಂದೀತು, ಒಲೆಯಲ್ಲಿ ಉರಿದೀತು, ಹೊಲದಲ್ಲಿ ಗೊಬ್ಬರವಾದೀತು. ಆ ಒಂದೆರಡು ದಿನದ ಹೊರೆಗೆ ಪ್ಲಾಸ್ಟಿಕ್ ದಾರ ಕಟ್ಟಿದರೆ, ಕತ್ತರಿಸಿ ಎಸೆದ ತುಂಡು ವರ್ಷಗಟ್ಟಲೆ ಉಳಿಯುತ್ತದೆ. ಹುಲ್ಲಿನೊಡನೆ ಅದನ್ನು ನುಂಗಿದ ಹಸುವಿನ ಮೊದಲನೆಯ ಹೊಟ್ಟೆಯಲ್ಲಿ ಅದು ಜೀರ್ಣವಾಗದೆ ಸೇರಿ ಉಂಡೆಗಟ್ಟಿ, ಕೊನೆಗೆ ಪ್ರಾಣಕ್ಕೇ ಎರವಾಗಬಹುದು. ವಿಮಾನದ ತಂತಿಗಳನ್ನು ಕಟ್ಟಲು 1958ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಹಲ್ಲುಪಟ್ಟಿಯು, ಅಂದರೆ ಕೇಬಲ್ ಟೈ, ಒಮ್ಮೆ ಬಿಗಿದರೆ ಸಾಮಾನ್ಯವಾಗಿ ಹಿಂದಿರುಗದು. ಕದಲದ ತಂತಿಗೆ ಅದು ಸರಿ. ದಿನವೂ ಬಿಚ್ಚುವ ಕಟ್ಟಿಗೆ ಸರಿಯಲ್ಲ.

ವೆಲ್ಕ್ರೋ ಪಟ್ಟಿಗೆ ತಕ್ಕ ಸ್ಥಳ ಬೇರೆ: ಸುತ್ತಿಟ್ಟ ಹನಿನೀರಾವರಿಯ ಕೊಳವೆ, ಪಂಪಿನ ತಂತಿ, ಔಷಧ ಸಿಂಪಡಿಸುವ ಯಂತ್ರದ ನಳಿಕೆ, ಪ್ರಯೋಗಶಾಲೆಯ ಉಪಕರಣ. ಇವು ಅದೇ ವಸ್ತುಗಳು. ಬಿಚ್ಚಿ ಕಟ್ಟುವುದು ಮಾತ್ರ ನೂರಾರು ಸಲ. ದಾರಕ್ಕಿಂತ ಇಪ್ಪತ್ತು ಪಟ್ಟು ಬೆಲೆಯ ಪಟ್ಟಿಯು ಇಪ್ಪತ್ತೊಂದನೆಯ ಸಲದಿಂದ ಲಾಭ ತರುತ್ತದೆ. ಅದೇ ಪಟ್ಟಿ ಕಬ್ಬಿನ ಗಾಡಿಯೊಡನೆ ಹೋಗಿ ಮರಳಿ ಬಾರದಿದ್ದರೆ ಮೊದಲನೆಯ ಸಲವೇ ನಷ್ಟ. ಅದೂ ಪ್ಲಾಸ್ಟಿಕ್ಕೇ ಎಂಬುದನ್ನು ಮರೆಯಬಾರದು. ಬಿಸಿಲಿನಲ್ಲಿ ಬಹುಕಾಲ ಬಿದ್ದರೆ ನೈಲಾನ್ ಬಲಗುಂದುತ್ತದೆ. ತಲೆಯ ಮೇಲೆ ತೂಗುವ ಭಾರಕ್ಕೂ, ಓಡುವ ವಾಹನದ ಸರಕಿಗೂ ಇದನ್ನು ನಂಬಬಾರದು. ಅದುರಾಟದಲ್ಲಿ ತುದಿ ಎದ್ದರೆ, ಇಪ್ಪತ್ತು ಕಿಲೋಗ್ರಾಂ ತಡೆಯುತ್ತಿದ್ದ ಕಟ್ಟು ಅರ್ಧ ಕಿಲೋಗ್ರಾಂಗೆ ಸೋಲುತ್ತದೆ. ಅಲ್ಲಿ ಹಗ್ಗವೇ ಬೇಕು, ಗಂಟೇ ಬೇಕು.