ಹಣ ಪಡೆಯಲು ಪಿನ್ ಯಾಕೆ?

ಪುಣೆಯ ಕೊಥ್ರೂಡ್‌ನಿಂದ ಬರೆದಿರುವ ಸೋದರಿ, ನಿಮ್ಮ ಅನುಮಾನ ಸರಿಯಾಗಿಯೇ ಇದೆ. ನೀವು ಮಾರಲಿಟ್ಟ ಸೋಫಾವನ್ನು ಕೊಳ್ಳುವವರು ಕಣ್ಣಲ್ಲಿ ನೋಡದೆ, ಒಂದು ರೂಪಾಯಿಯೂ ಚೌಕಾಸಿ ಮಾಡದೆ ಒಪ್ಪಿದ್ದಾರೆ. ಮೇಲೆ ಸೇನೆಯ ಗುರುತಿನ ಚೀಟಿಯ ಫೋಟೊ ಬೇರೆ. ದಕ್ಷಿಣ ಕಮಾಂಡ್‌ನ ಕೇಂದ್ರ ಕಚೇರಿ ಇರುವ ಪುಣೆಯಲ್ಲಿ ಸೇನೆಯವರೆಂಬ ಮಾತನ್ನು ಯಾರಾದರೂ ನಂಬಿಬಿಡುತ್ತಾರೆ. ವಂಚಕರಿಗೆ ಬೇಕಾದದ್ದೂ ಅದೇ.

ಹಣ ಹಾಕಲೆಂದು ಅವರು ಕಳಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಯುಪಿಐ ಪಿನ್ ಒತ್ತಿದರೆ ಹಣ ಹೋಗುವುದು ನಿಮ್ಮ ಖಾತೆಯಿಂದ. ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ‘ತಪ್ಪಿ ಹೆಚ್ಚು ಹಾಕಿದೆ, ವಾಪಸ್ ಕಳಿಸಿ’ ಎಂದರೆ ಹಣ ಬಂದಿದೆ ಎನ್ನುವ ಎಸ್ಸೆಮ್ಮೆಸ್ ನಂಬಬೇಡಿ, ಬ್ಯಾಂಕಿನ ಆ್ಯಪ್‌ನಲ್ಲೇ ಖಾತೆ ನೋಡಿ. ಕೊಳ್ಳುವವರು ಬಂದು ಸೋಫಾ ನೋಡಲಿ, ಆಗ ಪಕ್ಕದ ಮನೆಯವರೂ ಜೊತೆಗಿರಲಿ.

ದುಡ್ಡು ಹೋಗಿದ್ದರೆ ನಾಚಿಕೆಪಡದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಅದು ಖಾತೆಯಿಂದ ಖಾತೆಗೆ ದಾಟಿಹೋಗುತ್ತದೆ.