ಬಳೆ ಸದ್ದು ಬಾಳೆ ಸದ್ದಾದ ಕತೆ: ರಿವರ್ಬ್ ಪ್ಲಗಿನ್ ಆರಿಸೋದು ಹೇಗೆ?

ಕಳೆದ ವಾರ್ಷಿಕೋತ್ಸವಕ್ಕೆ ನಮ್ಮ ಸಂಘದಿಂದ ಒಂದು ಹಾಡು ಮಾಡಿದ್ವಿ. ಸಾಹಿತ್ಯ, ರಾಗ, ವಾದ್ಯ ಎಲ್ಲ ನಮ್ಮವರದ್ದೇ. ಹಾಸ್ಟೆಲ್ ಸೇರಿದ ಹುಡುಗನೊಬ್ಬನಿಗೆ ಬೆಳಗಿನ ಜಾವ ಎಚ್ಚರವಾದಾಗ ಅಡುಗೆಮನೆಯಿಂದ ಕೇಳುತ್ತಿದ್ದ ಅಮ್ಮನ ಬಳೆ ಸದ್ದು ನೆನಪಾಗುತ್ತದೆ, ಹಾಡಿನ ವಿಷಯ ಅಷ್ಟೇ. ಬರೆದವನ ಅಮ್ಮ ಅವತ್ತು ಊರಿಂದ ಬಂದು ಮೂರನೇ ಸಾಲಿನಲ್ಲಿ ಕೂತಿದ್ದರು. ರೆಕಾರ್ಡ್ ಮಾಡಿದ್ದ ಟ್ರ್ಯಾಕ್ ಪ್ಲೇ ಆಯ್ತು, ಚಪ್ಪಾಳೆಯೂ ಬಿತ್ತು. ಆಮೇಲೆ ಅವರು ಮಗನನ್ನು ಕೇಳಿದ್ದು ಒಂದೇ ಪ್ರಶ್ನೆ: “ರಾಗ ಚೆನ್ನಾಗಿತ್ತು ಕಣೋ. ಆದ್ರೆ ಬಾಳೆ ಸದ್ದು ಅಂದ್ರೆ ಏನು?”

ಹಾಡಿದವಳ ಉಚ್ಚಾರಣೆಯಲ್ಲಿ ತಪ್ಪಿರಲಿಲ್ಲ. ರಿವರ್ಬ್ ಹಾಕದ ಮೂಲ ಟ್ರ್ಯಾಕ್ ತೆಗೆದು ಕೇಳಿದ್ರೆ ‘ಬಳೆ’ ಅಂತ ಸ್ಪಷ್ಟವಾಗಿಯೇ ಇದೆ. ಕೆಡಿಸಿದ್ದು ಮಿಕ್ಸ್ ಮಾಡಿದ ನಾವು. ಐದಾರು ಜನ ದುಡ್ಡು ಒಟ್ಟುಮಾಡಿ ಒಂದು ಒಳ್ಳೆಯ ರಿವರ್ಬ್ ಪ್ಲಗಿನ್ ಕೊಂಡಿದ್ವಿ. ಕೊಂಡ ಮೇಲೆ ಕಮ್ಮಿ ಹಾಕೋಕೆ ಮನಸ್ಸು ಬರುತ್ತಾ? ‘ಗ್ರ್ಯಾಂಡ್ ಹಾಲ್’ ಪ್ರಿಸೆಟ್ ಹಾಕಿ, ಹೆಡ್‌ಫೋನಲ್ಲಿ ಕೇಳಿ, ಸಿನಿಮಾ ಹಾಡಿನ ಹಾಗಿದೆ ಅಂತ ಬೀಗಿದ್ವಿ. ಆ ಪ್ಲಗಿನ್ ಕೆಟ್ಟದ್ದೇನಲ್ಲ, ನಮ್ಮ ಕೆಲಸಕ್ಕೆ ಬೇಕಾದದ್ದಲ್ಲ ಅಷ್ಟೆ. ಆಮೇಲೆ ರಜೆಯಲ್ಲಿ ಕೂತು ಈ ವಿಷಯ ಸ್ವಲ್ಪ ಓದಿದ್ವಿ, ಸುಮಾರು ಪ್ಲಗಿನ್‌ಗಳನ್ನು ಪರೀಕ್ಷೆ ಮಾಡಿದ್ವಿ. ನಿಮ್ಮ ದುಡ್ಡಾದರೂ ಉಳೀಲಿ ಅಂತ ಈ ಪಾಠ.

ಮೊದಲು, ರಿವರ್ಬ್ ಅಂದ್ರೇನು

ಕೋಣೆಯಲ್ಲಿ ಒಂದು ಚಪ್ಪಾಳೆ ತಟ್ಟಿ. ಮೊದಲು ನೇರ ಶಬ್ದ ಕಿವಿಗೆ ಬರುತ್ತದೆ. ಕೆಲವು ಮಿಲಿಸೆಕೆಂಡ್ ಬಿಟ್ಟು ಹತ್ತಿರದ ಗೋಡೆ, ನೆಲ, ಚಾವಣಿಗೆ ಬಡಿದ ಒಂದೊಂದೇ ಪ್ರತಿಫಲನ ಬರುತ್ತವೆ. ಇವೇ ಅರ್ಲಿ ರಿಫ್ಲೆಕ್ಷನ್ಸ್. ಆಮೇಲೆ ಪ್ರತಿಫಲನದ ಪ್ರತಿಫಲನಗಳು ಸಾವಿರಗಟ್ಟಲೆ ಸೇರಿ, ಬಿಡಿಬಿಡಿಯಾಗಿ ಕೇಳದೆ, ಒಂದು ಬಾಲದ ಹಾಗೆ ಸಣ್ಣಗಾಗುತ್ತಾ ಹೋಗುತ್ತವೆ. ಈ ಬಾಲವನ್ನೇ ನಾವು ಸಾಮಾನ್ಯವಾಗಿ ರಿವರ್ಬ್ ಅನ್ನೋದು.

ಎಕೋ ಬೇರೆ. ವಿಜಯಪುರದ ಗೋಳಗುಮ್ಮಟಕ್ಕೆ ಟೂರ್ ಹೋದವರೆಲ್ಲ ಅಲ್ಲಿ ಕೂಗಿಯೇ ಬಂದಿರುತ್ತೀರಿ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಎದುರು ಗೋಡೆಗೆ ಹೋಗಿ ವಾಪಸ್ ಬರೋಕೆ 76 ಮೀಟರ್, ಶಬ್ದದ ವೇಗ ಸೆಕೆಂಡಿಗೆ 343 ಮೀಟರ್ ಅಂದ್ರೆ ಸುಮಾರು 0.22 ಸೆಕೆಂಡ್. ಅಷ್ಟು ತಡವಾಗಿ ಬಂದದ್ದು ಕಿವಿಗೆ ಬೇರೆ ಶಬ್ದವಾಗಿಯೇ ಕೇಳುತ್ತೆ. ನಮ್ಮ ತರಗತಿಯಲ್ಲಿ ಅದೇ ಪ್ರತಿಫಲನ 20–30 ಮಿಲಿಸೆಕೆಂಡಲ್ಲಿ ಬರುತ್ತೆ, ಮೂಲ ಶಬ್ದದ ಜೊತೆಗೇ ಬೆರೆತು ಹೋಗುತ್ತೆ.

ಬಾಲದ ಉದ್ದವನ್ನು ಅಳೆಯೋ ಕ್ರಮ ಶುರುವಾಗಿದ್ದು ಒಂದು ಕೆಟ್ಟ ಲೆಕ್ಚರ್ ಹಾಲ್‌ನಿಂದ. 1895ರಲ್ಲಿ ಹಾರ್ವರ್ಡ್‌ನ ಫಾಗ್ ಮ್ಯೂಸಿಯಂನ ಉಪನ್ಯಾಸ ಮಂದಿರದಲ್ಲಿ ಮೇಷ್ಟ್ರು ಮಾತಾಡಿದ್ದು ಯಾರಿಗೂ ಅರ್ಥವಾಗ್ತಿರಲಿಲ್ಲ. ಒಂದು ಮಾತಿನ ಬಾಲ ಐದು ಸೆಕೆಂಡಿಗೂ ಹೆಚ್ಚು ಉಳೀತಿತ್ತು. ಅದನ್ನು ಸರಿಮಾಡು ಅಂತ ವ್ಯಾಲೆಸ್ ಸಬೈನ್ ಎಂಬ ಯುವ ಭೌತಶಾಸ್ತ್ರಜ್ಞನಿಗೆ ವಹಿಸಿದರು. ಆತ ರಾತ್ರಿ ಹೊತ್ತು ಪಕ್ಕದ ಥಿಯೇಟರಿನ ಸೀಟುಗಳ ಮೆತ್ತೆ ಹೊತ್ತು ತಂದು ಹಾಕಿ, ಆರ್ಗನ್ ಕೊಳವೆ ಊದಿಸಿ, ಶಬ್ದ ನಿಲ್ಲೋವರೆಗೆ ಸಮಯ ಅಳೆದ. ಅಲ್ಲಿಂದ ಬಂದ ಸೂತ್ರವನ್ನು ಈಗಿನ ಮಾನದಲ್ಲಿ ಹೀಗೆ ಬರೀತಾರೆ: ಕಾಲ = 0.161 × ಕೋಣೆಯ ಘನ ಅಳತೆ ÷ ಒಟ್ಟು ಹೀರಿಕೆ. ಶಬ್ದ 60 ಡೆಸಿಬೆಲ್ ಇಳಿಯೋಕೆ ಹಿಡಿಯೋ ಈ ಕಾಲಕ್ಕೆ ಆರ್‌ಟಿ60 ಅಂತ ಹೆಸರು. ಪ್ಲಗಿನ್‌ನಲ್ಲಿ ‘ಡಿಕೇ’ ಅಂತ ಇರೋ ಗುಂಡಿ ಹೆಚ್ಚುಕಮ್ಮಿ ಇದೇ.

ಒಂದು ಲೆಕ್ಕ ಹಾಕೋಣ. 12 ಮೀಟರ್ ಉದ್ದ, 8 ಅಗಲ, 4 ಎತ್ತರದ ತರಗತಿ: 384 ಘನ ಮೀಟರ್. ಖಾಲಿ ಇದ್ದಾಗ ಒಟ್ಟು ಹೀರಿಕೆ 40 ಚದರ ಮೀಟರ್ ಅಂತಿಟ್ಟುಕೊಂಡರೆ ಆರ್‌ಟಿ60 ಸುಮಾರು 1.5 ಸೆಕೆಂಡ್. ಅದರಲ್ಲಿ 60 ಜನ ಬಂದು ಕೂತರು, ತಲೆಗೆ 0.45 ಚದರ ಮೀಟರ್ ಹೀರಿಕೆ ಅಂದ್ರೆ 27 ಸೇರಿತು, ಕಾಲ 0.9ಕ್ಕೆ ಇಳೀತು. ಅಟೆಂಡೆನ್ಸ್ ಕಮ್ಮಿ ಇದ್ದ ದಿನ ಪಾಠ ಯಾಕೆ ಇನ್ನೂ ಗೋಜಲಾಗಿ ಕೇಳುತ್ತೆ ಅನ್ನೋದಕ್ಕೆ ಇದು ಒಂದು ಕಾರಣ. ಬೇರೆ ಕಾರಣಗಳೂ ಇರಬಹುದು, ಅದು ಬಿಡಿ.

ಇಲ್ಲಿ ನಾವು ಮರೆತದ್ದೊಂದಿತ್ತು. ಆಡಿಟೋರಿಯಂಗೆ ತನ್ನದೇ ಬಾಲ ಇದೆ. ನಮ್ಮ ಟ್ರ್ಯಾಕಿನ ಎರಡೂವರೆ ಸೆಕೆಂಡಿನ ಬಾಲದ ಮೇಲೆ ಅದರ ಬಾಲವೂ ಸೇರಿಕೊಂಡಿತು. ಸ್ಪೀಕರಿನಲ್ಲಿ ದೊಡ್ಡ ಹಾಲ್‌ನಲ್ಲಿ ಕೇಳಿಸೋ ಹಾಡಿಗೂ ಇಯರ್‌ಫೋನ್‌ನಲ್ಲಿ ಕೇಳೋ ಹಾಡಿಗೂ ಒಂದೇ ಮಿಕ್ಸ್ ಸಾಲದು.

ಒಳಗಡೆ ಏನಿದೆ

ಅಂಗಡಿಯಲ್ಲಿ ನೂರು ಪ್ಲಗಿನ್ ಇದ್ದರೂ ಒಳಗಡೆ ಮುಖ್ಯವಾಗಿ ಎರಡೇ ಜಾತಿ.

ಮೊದಲನೆಯದು ಕನ್ವಲ್ಯೂಷನ್. ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಪೇಪರಿಗೆ ಅಂತ ರಾತ್ರಿಯಿಡೀ ಉರು ಹೊಡೆದಿದ್ವಲ್ಲ, ಅದೇ. ಒಂದು ಜಾಗದಲ್ಲಿ ಬಲೂನ್ ಒಡೆದು ಅಥವಾ ಕೆಳಗಿನಿಂದ ಮೇಲಿನ ಆವರ್ತನಕ್ಕೆ ಏರುವ ಸೈನ್ ಸ್ವೀಪ್ ಬಾರಿಸಿ, ಅಲ್ಲಿನ ಇಂಪಲ್ಸ್ ರೆಸ್ಪಾನ್ಸ್ ಪಡೆಯೋದು. ನಿಮ್ಮ ಹಾಡನ್ನು ಅದರ ಜೊತೆ ಕನ್ವಾಲ್ವ್ ಮಾಡಿದರೆ ಆ ಜಾಗದಲ್ಲೇ ಹಾಡಿದ ಹಾಗೆ. ಪರೀಕ್ಷೆಯಲ್ಲಿ ಕೇಳದ ವಿಷಯ ಇಲ್ಲಿದೆ: 3 ಸೆಕೆಂಡಿನ ರೆಸ್ಪಾನ್ಸ್, 48,000 ಸ್ಯಾಂಪಲ್ ದರ ಅಂದ್ರೆ 1,44,000 ಬಿಂದು. ಸೂತ್ರವನ್ನು ಹಾಗೇ ಕೋಡ್ ಮಾಡಿದರೆ ಪ್ರತಿ ಸೆಕೆಂಡಿಗೆ 691 ಕೋಟಿ ಗುಣಾಕಾರ, ಅದೂ ಒಂದೇ ಚಾನೆಲ್‌ಗೆ. ಎಫ್‌ಎಫ್‌ಟಿ ಬಳಸಿ ತುಂಡು ತುಂಡಾಗಿ ಮಾಡೋದರಿಂದ ಇದು ನಮ್ಮ ಲ್ಯಾಪ್‌ಟಾಪಲ್ಲಿ ಓಡುತ್ತೆ. ತುಂಡು ದೊಡ್ಡದಾದಷ್ಟು ತಡವೂ ಜಾಸ್ತಿ. ಮೊದಲ ತುಂಡುಗಳನ್ನು ಚಿಕ್ಕದಾಗಿ, ಮುಂದಿನವನ್ನು ದೊಡ್ಡದಾಗಿ ಮಾಡಿ ತಡವೇ ಇಲ್ಲದ ಹಾಗೆ ಮಾಡೋ ಉಪಾಯವನ್ನು ವಿಲಿಯಂ ಗಾರ್ಡ್ನರ್ 1995ರಲ್ಲಿ ಪ್ರಕಟಿಸಿದರು.

ಎರಡನೆಯದು ಅಲ್ಗಾರಿದಮಿಕ್. ಯಾವ ಜಾಗವನ್ನೂ ಅಳೆಯದೆ, ಡಿಲೇ ಮತ್ತು ಫೀಡ್‌ಬ್ಯಾಕ್‌ನಿಂದಲೇ ಬಾಲ ಕಟ್ಟೋದು. 1960ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನ ಮ್ಯಾನ್‌ಫ್ರೆಡ್ ಶ್ರೋಡರ್ ನಾಲ್ಕು ಕೋಂಬ್ ಫಿಲ್ಟರ್ ಪಕ್ಕಪಕ್ಕ ಇಟ್ಟು, ಅವುಗಳ ಹಿಂದೆ ಎರಡು ಆಲ್‌ಪಾಸ್ ಫಿಲ್ಟರ್ ಸಾಲಾಗಿ ಸೇರಿಸಿ ದಾರಿ ತೋರಿಸಿದರು. ಅದೇ ಮನೆತನದ ಮೊಮ್ಮಗ ಫ್ರೀವರ್ಬ್: 2000ದಲ್ಲಿ ಬಂದದ್ದು, ಎಲ್ಲರಿಗೂ ಮುಕ್ತ. ಎಂಟು ಕೋಂಬ್, ನಾಲ್ಕು ಆಲ್‌ಪಾಸ್. ಕೋಂಬ್‌ಗಳ ಡಿಲೇ 1116 ಸ್ಯಾಂಪಲ್‌ನಿಂದ 1617ರವರೆಗೆ, ಅಂದ್ರೆ 44,100 ದರದಲ್ಲಿ ಸುಮಾರು 25ರಿಂದ 37 ಮಿಲಿಸೆಕೆಂಡ್. ಬಲ ಕಿವಿಗೆ ಪ್ರತಿಯೊಂದಕ್ಕೂ 23 ಸ್ಯಾಂಪಲ್ ಸೇರಿಸಿದ್ದಾರೆ, ಅಷ್ಟಕ್ಕೇ ಸ್ಟೀರಿಯೋ! ಪುಟ್ಟ ಸಿ++ ಕೋಡ್, ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ದಯವಿಟ್ಟು ಓದಿ. 25.3 ಮಿಲಿಸೆಕೆಂಡಿನ ಒಂದು ಕೋಂಬ್ 2 ಸೆಕೆಂಡಲ್ಲಿ 60 ಡೆಸಿಬೆಲ್ ಇಳೀಬೇಕಾದರೆ ಫೀಡ್‌ಬ್ಯಾಕ್ ಎಷ್ಟಿರಬೇಕು ಅಂತ ನೀವೇ ಲೆಕ್ಕ ಹಾಕಿ. ಉತ್ತರ 0.916 ಬರಬೇಕು.

ಯಾವುದು ಮೇಲು ಅಂದ್ರೆ, ಹಾಡಿಗೆ ನಿಜವಾದ ಜಾಗ ಬೇಕಾದರೆ, ನಾಟಕದ ದೃಶ್ಯ ದೇವಸ್ಥಾನದ ಪ್ರಾಂಗಣದಲ್ಲಿದ್ದರೆ, ಕನ್ವಲ್ಯೂಷನ್. ಆದರೆ ಅದು ಫೋಟೋ ಇದ್ದ ಹಾಗೆ, ಒಳಗಿರೋದನ್ನು ಹೆಚ್ಚು ಬದಲಾಯಿಸೋಕಾಗಲ್ಲ. 1978ರ ಲೆಕ್ಸಿಕಾನ್ 224ರಂಥ ಯಂತ್ರಗಳ ಬಾಲ ಸದಾ ಸಣ್ಣಗೆ ಅಲುಗಾಡುತ್ತಿರುತ್ತದೆ, ಕಾಲಕ್ಕೆ ತಕ್ಕಂತೆ ಬದಲಾಗೋ ವ್ಯವಸ್ಥೆಯನ್ನು ಒಂದು ಇಂಪಲ್ಸ್ ರೆಸ್ಪಾನ್ಸ್ ಹಿಡಿಯಲಾರದು. ಗಾಯನಕ್ಕೆ, ದಿನನಿತ್ಯದ ಮಿಕ್ಸ್‌ಗೆ ನಾವು ಈಗ ಅಲ್ಗಾರಿದಮಿಕ್ ಕಡೆಗೇ ವಾಲಿದ್ದೇವೆ. ‘ಪ್ಲೇಟ್’ ಅಂತ ಬರೋ ಪ್ರಿಸೆಟ್‌ಗಳು 1957ರ ಇಎಂಟಿ 140ರ ಅನುಕರಣೆ. ಅದು ಚೌಕಟ್ಟಿಗೆ ಬಿಗಿದ ದೊಡ್ಡ ಉಕ್ಕಿನ ಹಾಳೆ, ಮನೆಗೆ ತರೋ ಸಾಮಾನಲ್ಲ. ದನಿಗೆ ಪ್ಲೇಟ್ ಚೆನ್ನಾಗಿ ಒಪ್ಪುತ್ತೆ, ಯಾಕಂದ್ರೆ ಅದರಲ್ಲಿ ಕೋಣೆಯ ಹಾಗೆ ಬಿಡಿಬಿಡಿ ಅರ್ಲಿ ರಿಫ್ಲೆಕ್ಷನ್ಸ್ ಇಲ್ಲ, ಬಾಲ ಶುರುವಿನಿಂದಲೇ ದಟ್ಟ.

ಪರೀಕ್ಷೆ

ಪ್ರಿಸೆಟ್ ಹೆಸರು, ಸ್ಕ್ರೀನಿನ ಚಂದ, ಯೂಟ್ಯೂಬ್ ಶಿಫಾರಸು ಯಾವುದನ್ನೂ ನಂಬಬೇಡಿ. ಜೋರಾಗಿರೋದು ಯಾವಾಗಲೂ ಚೆನ್ನಾಗಿಯೇ ಕೇಳುತ್ತೆ, ಹಾಗಾಗಿ ಹೋಲಿಸುವಾಗ ಎಲ್ಲದರ ಮಟ್ಟ ಸಮ ಮಾಡಿ. ಡಿಕೇ, ಪ್ರೀ-ಡಿಲೇ ಒಂದೇ ಇಡಿ. ಫೈಲ್‌ಗಳಿಗೆ ಬರೀ ನಂಬರ್ ಹಾಕಿ, ಗೊತ್ತಿಲ್ಲದ ಗೆಳೆಯನಿಗೆ ಕೇಳಿಸಿ.

ಮೊದಲು ಒಂದೇ ಒಂದು ಚಪ್ಪಾಳೆ, ಅಥವಾ ಕಂಜಿರದ ಒಂದು ಏಟು ಕಳಿಸಿ. ಪ್ರತಿಫಲನಗಳು ಸಾಕಷ್ಟು ದಟ್ಟವಾಗಿಲ್ಲದಿದ್ದರೆ ಪಾತ್ರೆ ಉರುಳಿದ ಹಾಗೆ ಟರ್ರ್ ಅನ್ನುತ್ತೆ. ಸೆಕೆಂಡಿಗೆ ಸುಮಾರು 1,000 ಪ್ರತಿಫಲನ ಬೇಕು ಅಂತ ಶ್ರೋಡರ್ ಆಗಲೇ ಹೇಳಿದ್ದರು. ಆಮೇಲೆ ಕೊಳಲಿನ ಒಂದು ಉದ್ದ ಸ್ವರ ಕಳಿಸಿ, ನಿಂತ ಮೇಲೆ ಬಾಲದಲ್ಲಿ ಯಾವುದೋ ಒಂದು ಸ್ವರ ಮಾತ್ರ ಗುಂಯ್‌ಗುಡುತ್ತಾ ನೋಡಿ. ಕೊನೆಗೆ ಎರಡೂ ಚಾನೆಲ್ ಸೇರಿಸಿ ಮೋನೋದಲ್ಲಿ ಕೇಳಿ. ಹಲವರ ಫೋನಿನ ಸ್ಪೀಕರ್ ಒಂದೇ ತಾನೇ?

ಆದರೆ ನಮ್ಮ ಹಾಡನ್ನು ಹಿಡಿದುಕೊಟ್ಟಿದ್ದು ಬೇರೆ ಪರೀಕ್ಷೆ. ಕನ್ನಡದಲ್ಲಿ ಅರ್ಥ ನಿಂತಿರೋದೇ ಕಾಲದ ಮೇಲೆ. ಬಳೆಗೂ ಬಾಳೆಗೂ ಇರೋ ಮುಖ್ಯ ವ್ಯತ್ಯಾಸ ಒಂದು ಸ್ವರದ ಉದ್ದ. ಕತೆಗೂ ಕತ್ತೆಗೂ ಇರೋ ವ್ಯತ್ಯಾಸ, ನಾಲಿಗೆ ಹಲ್ಲಿಗೆ ತಾಗಿ ನಿಂತ ಆ ಕ್ಷಣದ ಮೌನದ ಉದ್ದ. ರಿವರ್ಬ್ ಮಾಡೋದೇನು? ಸ್ವರಕ್ಕೆ ಬಾಲ ಸೇರಿಸುತ್ತೆ, ಮೌನವನ್ನು ತುಂಬುತ್ತೆ. ಎರಡು ಕಡೆಯೂ ನಮಗೇ ಪೆಟ್ಟು. ಇಂಗ್ಲಿಷ್ ಹಾಡಿಗೆ ಅಂತ ಮಾಡಿದ ಪ್ರಿಸೆಟ್ ಕನ್ನಡಕ್ಕೆ ಹಾಗೇ ಒಗ್ಗಬೇಕು ಅಂತೇನಿಲ್ಲ. ಅದಕ್ಕೇ ಒಂದು ಪಟ್ಟಿ ಮಾಡಿ ಹಾಡಿಸಿದ್ವಿ: ಬಳೆ, ಬಾಳೆ, ಕತೆ, ಕತ್ತೆ, ಬಲ, ಬಲ್ಲ, ಕಡು, ಕಾಡು, ಮನ, ಮಾನ. ಕೇಳಿದವರು ಬರೆದುಕೊಳ್ಳಬೇಕು. ನಮ್ಮ ‘ಗ್ರ್ಯಾಂಡ್ ಹಾಲ್’ನಲ್ಲಿ ಕನ್ನಡ ಮೀಡಿಯಂನವರೂ ಎಡವಿದರು.

ಹಾಗಾಗಿ ಪ್ಲಗಿನ್ ಆರಿಸುವಾಗ ನಾವು ಮೊದಲು ನೋಡೋದು ಪ್ರೀ-ಡಿಲೇ ಗುಂಡಿ ಇದೆಯಾ ಅಂತ. 30–40 ಮಿಲಿಸೆಕೆಂಡ್ ಕೊಟ್ಟರೆ ಅಕ್ಷರ ಮೊದಲು ಒಣದಾಗಿ ಕಿವಿಗೆ ಮುಟ್ಟಿ, ಬಾಲ ಹಿಂದಿನಿಂದ ಬರುತ್ತೆ. ಎರಡನೆಯದು, ಬಾಲದ ತಗ್ಗು ಆವರ್ತನಗಳನ್ನು ಬೇರೆಯಾಗಿ ಕತ್ತರಿಸೋಕೆ ಆಗುತ್ತಾ ಅಂತ. ಆಗದಿದ್ದರೆ ರಿವರ್ಬ್‌ಗೆ ಮುಂಚೆ ಒಂದು ಈಕ್ಯೂ ಹಾಕಿ, 600 ಹರ್ಟ್ಸ್ ಕೆಳಗೆ, 10,000 ಹರ್ಟ್ಸ್ ಮೇಲೆ ಕತ್ತರಿಸಿ. ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋದ ಹಳೇ ಉಪಾಯ ಇದು. ಮತ್ತೆ, ತಂಬೂರಿಗೆ ರಿವರ್ಬ್ ಹಾಕಬೇಡಿ. ಅದು ಮೊದಲೇ ನಿಲ್ಲದ ನಾದ.

ಕೊಳ್ಳಬೇಕಾ?

ಸದ್ಯಕ್ಕೆ ಬೇಡ. ಡ್ರ್ಯಾಗನ್‌ಫ್ಲೈ ರಿವರ್ಬ್ ಉಚಿತ, ಮುಕ್ತ ತಂತ್ರಾಂಶ, ಲಿನಕ್ಸಲ್ಲೂ ಓಡುತ್ತೆ. ಹಾಲ್, ರೂಮ್, ಪ್ಲೇಟ್, ಅರ್ಲಿ ರಿಫ್ಲೆಕ್ಷನ್ಸ್ ಅಂತ ನಾಲ್ಕು ಬೇರೆ ಬೇರೆ ಪ್ಲಗಿನ್. ಗಾಯನಕ್ಕೆ ಅದರ ಪ್ಲೇಟ್ ನಮ್ಮ ಆಯ್ಕೆ. ಒರಿಲ್‌ರಿವರ್ ಕೂಡ ಉಚಿತ. ವಲ್ಹಾಲಾ ಸೂಪರ್‌ಮ್ಯಾಸಿವ್ ಉಚಿತವೇ, ತುಂಬಾ ಮೋಹಕ, ಆದರೆ ಅದು ಆಕಾಶದಷ್ಟು ದೊಡ್ಡ ಬಾಲಕ್ಕೆ ಅಂತಲೇ ಮಾಡಿದ್ದು. ಸಾಹಿತ್ಯ ಇರೋ ಕಡೆ ದೂರ ಇಡಿ. ರೀಪರ್ ಬಳಸೋರಿಗೆ ಅದರ ಜೊತೆಗೇ ಬರೋ ರಿಯಾವರ್ಬ್ ಕನ್ವಲ್ಯೂಷನ್‌ಗೆ ಸಾಕು. ಇಂಪಲ್ಸ್ ರೆಸ್ಪಾನ್ಸ್‌ಗಳು ಯಾರ್ಕ್ ವಿಶ್ವವಿದ್ಯಾಲಯದ ಓಪನ್‌ಏರ್ ಸಂಗ್ರಹದಲ್ಲಿ ಸಿಗ್ತವೆ. ಕ್ರ್ಯಾಕ್ ಮಾಡಿದ್ದು ಪೆನ್‌ಡ್ರೈವಲ್ಲಿ ಕೊಡ್ತೀನಿ ಅನ್ನೋ ಸೀನಿಯರ್ ಎಲ್ಲಾ ಕಡೆ ಇರ್ತಾರೆ. ನಮ್ಮಲ್ಲೊಬ್ಬನ ಪ್ರಾಜೆಕ್ಟ್ ರಿಪೋರ್ಟ್ ಹೋಗಿದ್ದು ಹಾಗೇನೇ.

ಪ್ರತಿ ಟ್ರ್ಯಾಕಿಗೂ ಒಂದೊಂದು ರಿವರ್ಬ್ ಹಾಕಬೇಡಿ, ಹಳೇ ಲ್ಯಾಪ್‌ಟಾಪ್ ಅಲ್ಲೇ ಕೈ ಚೆಲ್ಲುತ್ತೆ. ಒಂದು ಬಸ್ ಮಾಡಿ, ಅದರಲ್ಲಿ ರಿವರ್ಬ್ ಪೂರ್ತಿ ವೆಟ್ ಇಟ್ಟು, ಟ್ರ್ಯಾಕ್‌ಗಳಿಂದ ಬೇಕಾದಷ್ಟು ಸೆಂಡ್ ಕಳಿಸಿ. ಎಲ್ಲರೂ ಒಂದೇ ಕೋಣೆಯಲ್ಲಿ ಕೂತ ಹಾಗೂ ಇರುತ್ತೆ.

ಬಳೆ ಹಾಡನ್ನು ಮತ್ತೆ ಮಿಕ್ಸ್ ಮಾಡಿದ್ವಿ: ಪ್ಲೇಟ್, ಡಿಕೇ 1.2 ಸೆಕೆಂಡ್, ಪ್ರೀ-ಡಿಲೇ 35 ಮಿಲಿಸೆಕೆಂಡ್, ಮೇಲೆ ಹೇಳಿದ ಈಕ್ಯೂ. ಬಾಲ ಇದೆ ಅಂತಲೇ ಗೊತ್ತಾಗಲ್ಲ, ತೆಗೆದರೆ ಮಾತ್ರ ಹಾಡು ಬೋಳು ಅನ್ನಿಸುತ್ತೆ. ಅದನ್ನು ಅವನ ಅಮ್ಮನಿಗೆ ವಾಟ್ಸಾಪಲ್ಲಿ ಕಳಿಸಿದ. ರಾತ್ರಿ ಫೋನ್ ಬಂತು: “ಆ ಬಳೆ ಒಡೆದು ಎರಡು ವರ್ಷ ಆಯ್ತಲ್ಲೋ, ಇನ್ನೂ ನೆನಪಿದೆಯಾ ನಿಂಗೆ?”

ಮುಂದಿನ ಶನಿವಾರ ಮಧ್ಯಾಹ್ನ ನಮ್ಮ ಸೆಮಿನಾರ್ ಹಾಲ್‌ನ ಇಂಪಲ್ಸ್ ರೆಸ್ಪಾನ್ಸ್ ತೆಗೆಯೋಣ ಅಂತಿದ್ದೀವಿ, ಖಾಲಿ ಇದ್ದಾಗ ಒಮ್ಮೆ, ಜನ ತುಂಬಿದಾಗ ಒಮ್ಮೆ. ಬರೋರು ದೊಡ್ಡ ಬಲೂನ್ ತನ್ನಿ. ಸೆಕ್ಯುರಿಟಿ ಅಣ್ಣನಿಗೆ ಮೊದಲೇ ಹೇಳಿಟ್ಟಿದ್ದೀವಿ.